ಹಿಡಿಸದ ಹೆಸರು

ಬೆಳಿಗ್ಗೆ ಸ್ಪಾಸ್ ಬಂದು
ಎರಡರ ನಡುವೆ ಒಂದು ತಂತಿ ಕಟ್ಟಿದ.
ಹಳೆಯದು ಕೆಮ್ಮುತ್ತ ಎದ್ದಿತು,
ಬೆನ್ನಿನ ಫ್ಯಾನಿನಲ್ಲಿ ಹನ್ನೆರಡು ವರ್ಷದ ಚರ್ಮದ ಧೂಳು.
ಹೊಸದಕ್ಕೆ ಸದ್ದೇ ಇಲ್ಲ,
ಜೀವ ಇದೆಯೋ ಇಲ್ಲವೋ ಅಂತ
ಎರಡು ಸಲ ಅಂಗೈ ಇಟ್ಟು ನೋಡಿದೆ.

ಎಲ್ಲ ಹೋಗುತ್ತದಾ, ಅಂದೆ.
ತಲೆ ಅಡ್ಡಡ್ಡ ಆಡಿಸಿದ. ನಮ್ಮಲ್ಲಿ ಅದು ಹೌದು.
ಹೊರದೇಶದ ಗಿರಾಕಿಗಳು ಈಗಲೂ
ಇಲ್ಲೇ ಎಡವುತ್ತಾರೆ.

ಹೋಗಬೇಕಾದ್ದು ಏನು? ಕಾಲುಗಳು.
ಪ್ಲೋವ್‌ದಿವ್ ಊರಿನ ನೆಟ್ಟಗಿಲ್ಲದ ಕಾಲುಗಳೆಲ್ಲ
ಇದರ ಹೊಟ್ಟೆಯಲ್ಲಿವೆ:
ಪೋಲಿಯೋ ಮುಟ್ಟಿದ್ದು, ಟ್ರ್ಯಾಕ್ಟರ್ ಹತ್ತಿದ್ದು,
ಮಾರಿತ್ಸಾ ದಂಡೆಯಲ್ಲಿ ಗಾಳ ಹಿಡಿದು ಕೂರುವ ನಾಸ್ಕೋ ಮುದುಕನ
ಹೆಬ್ಬೆರಳಿಲ್ಲದ ಬಲಗಾಲು.
ಸಾವಿರದ ಮುನ್ನೂರ ಎಪ್ಪತ್ತು ಜೋಡಿ.
ಜೋಡಿ ಅನ್ನುವುದು ಬರೀ ಲೆಕ್ಕದ ಮಾತು.

ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಿದೆ.
ಇನ್ನು ನಲವತ್ತು ನಿಮಿಷ, ಅಂದಿತು.
ಕಾಫಿಗೆ ನೀರಿಟ್ಟು ಬಂದೆ: ಇನ್ನು ಆರು ಗಂಟೆ.
ಸಕ್ಕರೆ ಹಾಕಿದೆ: ಇನ್ನು ಮೂರು ನಿಮಿಷ.
ಕೊಸ್ತಾದಿನ್ ಮೇಷ್ಟ್ರೂ ಹೀಗೇ.
ಶುಕ್ರವಾರ ಕೊಡ್ತೀನಿ ಅನ್ನುತ್ತಿದ್ದರು ಎಲ್ಲರಿಗೂ,
ಯಾವ ಶುಕ್ರವಾರ ಅಂತ ಬಾಯಿ ಬಿಡುತ್ತಿರಲಿಲ್ಲ.

ಹನ್ನೊಂದೂವರೆಗೆ ನಿಂತಿತು.
ಒಂದು ಫೈಲು ಹೊಸ್ತಿಲ ಮೇಲೆ ಕೂತುಬಿಟ್ಟಿದೆ.
ಹೊಸ ಯಂತ್ರ ಬಲು ಮರ್ಯಾದೆಯಿಂದ ಹೇಳಿತು:
ಹೆಸರು ತುಂಬಾ ಉದ್ದ. ದಯವಿಟ್ಟು ಚಿಕ್ಕದು ಮಾಡಿ.

ಮೇಷ್ಟ್ರ ಚಾಳಿ ಅದು.
ಫೈಲು ತೆರೆಯಲು ಹಳೆಯದಕ್ಕೆ ನಾಲ್ಕು ನಿಮಿಷ ಬೇಕು,
ಕಾಯುವ ಜಾಯಮಾನದವರಲ್ಲ ಅವರು.
ತೆರೆಯದೇ ಗೊತ್ತಾಗಲಿ ಅಂತ
ಇದ್ದಬದ್ದದ್ದನ್ನೆಲ್ಲ ಹೆಸರಿಗೇ ತುರುಕುತ್ತಿದ್ದರು,
ಸುತ್ತಿಗೆಗೆ ಸಿಕ್ಕಿ ಸಿಕ್ಕಿ ಚಪ್ಪಟೆಯಾದ
ಒಂದೇ ಬೆರಳಿನಿಂದ ಒತ್ತಿ ಒತ್ತಿ.

ಓದಿದೆ:

ಯೊರ್ದಾಂಕಾ ಏಳು ವರ್ಷ ಎಡಗಾಲು ಎರಡು ಬೆರಳು ಗಿಡ್ಡ
ಅಟ್ಟೆ ಒಳಗಡೆ ಎತ್ತರಿಸು ಹೊರಗೆ ಕಾಣಬಾರದು
ಕೆಂಪು ಕೇಳ್ತಾಳೆ ಅಮ್ಮ ಕಂದು ಅಂತಾಳೆ ಕೆಂಪೇ ಮಾಡು
ದುಡ್ಡು ಅರ್ಧ ಬಂದಿದೆ ಇನ್ನರ್ಧ ಕೇಳಬೇಡ
ಅಳತೆ ತೆಗೆಯುವಾಗ ಕಚಗುಳಿ ನಗಲಿ ಬಿಡು

ಅಷ್ಟೂ ಹೆಸರು. ಆಮೇಲೆ ಒಂದು ಚುಕ್ಕಿ, ಮೂರು ಅಕ್ಷರ.

ಎಲ್ಲಿ ಕತ್ತರಿಸಲಿ?
ಏಳು ವರ್ಷ ತೆಗೆಯಬಹುದು, ಈಗವಳಿಗೆ ಹತ್ತೊಂಬತ್ತು.
ದುಡ್ಡಿನ ಮಾತು ತೆಗೆಯಬಹುದು,
ಕೇಳಬೇಡ ಅಂದಮೇಲೆ ಮರೆತರೂ ಸರಿಯೇ.
ಆದರೆ ಮರೆತರೆ, ಕೇಳಿಬಿಟ್ಟರೆ?
ಕಚಗುಳಿಯ ಮೇಲೆ ನೀಲಿ ಬಳಿದು
ಅಳಿಸುವ ಗುಂಡಿಗೆ ಬೆರಳು ತಂದೆ.
ಕಾಫಿ ಆರುವತನಕ ಹಾಗೇ ಕೂತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು, ಅನ್ನುವವರು ಅನ್ನಲಿ.
ಈ ಅಂಗಡಿಯಲ್ಲಿ ಮೂವತ್ತು ವರ್ಷ
ಕಾಲು ಇದ್ದಷ್ಟು ಹಾಸಿಗೆ ಹೊಲಿದವರು ನಾವು.
ಹಿಡಿಸದಿದ್ದರೆ ಜೋಡು ಬಿಚ್ಚಿದ್ದೇವೆ,
ಕಾಲು ಕೊಯ್ದಿಲ್ಲ.

ಸ್ಪಾಸ್‌ಗೆ ಫೋನು ಮಾಡಿದೆ. ನಕ್ಕ.
ರಾದೋಸ್ತಿನಾ ಅತ್ತೆ, ಹೆಸರೇನೂ ಉದ್ದ ಇಲ್ಲ,
ಅಲ್ಲಿಗೆ ಹೋಗೋ ದಾರಿ ಉದ್ದ.
ನಾನೇ ಅಚ್ಚುಕಟ್ಟಾಗಿರಲಿ ಅಂತ
ಗೂಡೊಳಗೆ ಗೂಡು, ಗೂಡೊಳಗೆ ಗೂಡು ಮಾಡಿಟ್ಟಿದ್ದೆ.
ಯಂತ್ರ ಮನೆಯ ವಿಳಾಸವನ್ನೂ ಹೆಸರಿನಲ್ಲೇ ಎಣಿಸುತ್ತೆ.
ಹೊರಗೆ ಇಟ್ಟುಬಿಡಿ, ಹಿಡಿಸುತ್ತೆ.

ಹೊರಗೆ ಇಟ್ಟೆ. ಹಿಡಿಸಿತು.
ಈಗ ಹೊಸ ಪರದೆಯ ಬಯಲಲ್ಲಿ
ಬೇರೆ ಯಾರೂ ಇಲ್ಲ, ಅವಳೊಬ್ಬಳೇ,
ಬಾಗಿಲಾಚೆ ಬಿಟ್ಟುಹೋದ ಕೆಂಪು ಜೋಡಿನ ಹಾಗೆ.
"ಯೊರ್ದಾಂಕಾ ಏಳು ವ..." ಅಂತಷ್ಟೇ ಕಾಣುತ್ತದೆ.
ಮುಟ್ಟಿದರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ,
ನಗುವಿನವರೆಗೆ.

ಸಂಜೆ ಸ್ಪಾಸ್ ತಂತಿ ಸುತ್ತಿ ಜೇಬಿಗಿಟ್ಟ.
ಹಳೆಯದನ್ನು ಅಪ್ಪಿ ಹಿಡಿದು
ಇದನ್ನ ಗುಜರಿಗೆ ಹಾಕ್ಲಾ, ಅಂದ.
ನಾನು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ.
ಇದ್ದ ಜಾಗದಲ್ಲೇ ಇಟ್ಟು ಹೋದ.